ಒಂದೇ ಹಳಿಯ ರೈಲುಗಾಡಿ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ವಿಚಿತ್ರ ವಾಹನಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ನಾವು ಪಂಡಿತರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದುದರಿಂದ ಲೆಕ್ಕಕ್ಕೆ ಸಿಕ್ಕುವಂಥ ಒಂದು ಬಂಡಿಯನ್ನೇ ಆರಿಸಿಕೊಂಡಿದ್ದೇವೆ. ಅದು ಪಟಿಯಾಲಾ ಸಂಸ್ಥಾನದ ಒಂದೇ ಹಳಿಯ ರೈಲುಗಾಡಿ.

ರೈಲೆಂದರೆ ಎರಡು ಹಳಿ ಬೇಕೆಂದು ಮಕ್ಕಳಿಗೂ ಗೊತ್ತು. ಒಂದೇ ಹಳಿಯ ಮೇಲೆ ಗಾಡಿ ನಿಲ್ಲುವುದಾದರೂ ಹೇಗೆ? ಹುಡುಗರು ರೈಲು ಹಳಿಯ ಮೇಲೆ ನಡೆಯುವ ಆಟ ಆಡುವುದನ್ನು ತಾವು ನೋಡಿದ್ದೀರಿ. ಒಬ್ಬ ಹಳಿಯ ಮೇಲೆ ನಡೆಯುತ್ತಾನೆ, ಗೆಳೆಯನೊಬ್ಬ ಪಕ್ಕದ ನೆಲದಲ್ಲಿ ನಡೆಯುತ್ತಾನೆ. ಮೇಲಿನವನು ಗೆಳೆಯನ ಹೆಗಲ ಮೇಲೆ ಕೈ ಇಟ್ಟಿರುತ್ತಾನೆ. ಮೈಭಾರವೆಲ್ಲ ಹಳಿಯ ಮೇಲೆಯೇ, ಹೆಗಲಿನ ಆಸರೆ ಬೀಳದಿರಲು ಮಾತ್ರ. ಪಟಿಯಾಲಾ ಗಾಡಿಯ ಗುಟ್ಟೂ ಇಷ್ಟೇ. ಗಾಡಿಯ ಕೆಳಗೆ ಸಣ್ಣ ಗಾಲಿಗಳು ಒಂದರ ಹಿಂದೆ ಒಂದಾಗಿ ಹಳಿಯ ಮೇಲೆ ಓಡುತ್ತವೆ. ಅವು ಹಳಿಯಿಂದ ಜಾರದಂತೆ ಎರಡು ಕಡೆಯೂ ಅಂಚು ಇರುತ್ತದೆ. ಒಂದು ಪಕ್ಕದಿಂದ ತೋಳು ಚಾಚಿದಂತೆ ದೊಡ್ಡದೊಂದು ಚಕ್ರ ಹೊರಬಂದು ಮಾಮೂಲು ರಸ್ತೆಯ ಮೇಲೆ ಉರುಳುತ್ತದೆ. ಭಾರದಲ್ಲಿ ನೂರಕ್ಕೆ ಸುಮಾರು 96 ಪಾಲು ಹಳಿಗೆ, ಉಳಿದದ್ದು ಆ ಚಕ್ರಕ್ಕೆ. ಮಣದ ಲೆಕ್ಕದಲ್ಲಿ ಹೇಳುವುದಾದರೆ 25 ಮಣದ ಹೇರಿನಲ್ಲಿ 24 ಮಣ ಹಳಿಯ ಮೇಲೆ, ಒಂದೇ ಮಣ ರಸ್ತೆಯ ಮೇಲೆ. ಇದಕ್ಕೆ ಯೂಯಿಂಗ್ ಪದ್ಧತಿಯೆಂದು ಹೆಸರು.

ಇದನ್ನು ಪಟಿಯಾಲಾದವರು ಏಕೆ ಹಿಡಿದರು ಎಂಬುದರಲ್ಲಿ ಸ್ವಾರಸ್ಯವಿದೆ. ಬ್ರಿಟಿಷ್ ಸರಕಾರದ ಒಪ್ಪಂದದಂತೆ ಸಂಸ್ಥಾನವು ದಂಡಿನ ಸಾಮಾನು ಹೊರಲು ನೂರಾರು ಹೇಸರಗತ್ತೆಗಳನ್ನು ಸದಾ ಸಾಕಿಕೊಂಡಿರಬೇಕಾಗಿತ್ತು. ಯುದ್ಧ ಬಂದರೆ ಅವಕ್ಕೆ ಕೆಲಸ, ಇಲ್ಲದಿದ್ದರೆ ಲಾಯದಲ್ಲಿ ನಿಂತು ಮೇಯುವುದೇ ಕೆಲಸ. ಜಮಾ ಕಡೆ ಸೊನ್ನೆ, ಖರ್ಚಿನ ಕಡೆ ದಿನವೂ ಹುಲ್ಲು, ಹುರುಳಿ! ಗುಮಾಸ್ತನಾದವನಿಗೆ ಇಂಥ ಪುಟ ನೋಡಿದರೆ ಹೊಟ್ಟೆ ಉರಿಯುತ್ತದೆ. ಮಹಾರಾಜ ಭೂಪಿಂದರ್ ಸಿಂಗರ ಕಾಲದಲ್ಲಿ, ಸಂಸ್ಥಾನದ ಎಂಜಿನಿಯರಾಗಿದ್ದ ಕರ್ನಲ್ ಬೋಲ್ಸ್ ಎಂಬವರು ಈ ಪ್ರಾಣಿಗಳನ್ನು ಗಾಡಿಗೆ ಹೂಡುವ ದಾರಿ ಹುಡುಕಿದರು. ಮಣ್ಣು ರಸ್ತೆಯಲ್ಲಿ ಬಂಡಿ ಎಳೆಯುವುದಕ್ಕಿಂತ ಕಬ್ಬಿಣದ ಹಳಿಯ ಮೇಲೆ ಎಳೆಯುವುದು ಎಷ್ಟೋ ಹಗುರ. ಇದ್ದ ರಸ್ತೆಯ ಅಂಚಿನಲ್ಲಿ ಒಂದು ಹಳಿ ಹಾಸಿದರೆ ಆಯಿತು, ಹೊಸದಾಗಿ ನೆಲ ಕೊಳ್ಳಬೇಕಾಗಿಲ್ಲ. ಹಳಿ ಒಂದೇ ಆದ್ದರಿಂದ ಕಬ್ಬಿಣವೂ ಅರ್ಧ. ಎತ್ತಿನ ಗಾಡಿಯವರು ಅದೇ ರಸ್ತೆಯಲ್ಲಿ ಎಂದಿನಂತೆ ಓಡಾಡಬಹುದು.

1907ರಲ್ಲಿ ಸರ್ಹಿಂದದಿಂದ ಮೊರಿಂಡಾ ಕಡೆಗೆ ಸುಮಾರು 15 ಮೈಲಿಯ ದಾರಿ ಹಾಕಿದರು. ಇನ್ನೊಂದು ದಾರಿ ಪಟಿಯಾಲಾದಿಂದ ಭವಾನಿಗಢದ ಕಡೆಗೆ. ಎರಡೂ ಸೇರಿ ಸುಮಾರು 50 ಮೈಲಿ. ಕಾಳಿನ ಮೂಟೆ ಹೋಯಿತು, ಜನರೂ ಹೋದರು. ಬರ್ಲಿನ್ನಿನ ಓರೆನ್‌ಸ್ಟೈನ್ ಮತ್ತು ಕೊಪ್ಪೆಲ್ ಕಂಪನಿಯವರು ಇದಕ್ಕಾಗಿಯೇ ನಾಲ್ಕು ಉಗಿಯಂತ್ರಗಳನ್ನು ಮಾಡಿಕೊಟ್ಟರು. ಹೀಗಾಗಿ ಹೇಸರಗತ್ತೆ ಎಳೆದ ಗಾಡಿಯೂ ಹೊಗೆಯುಗುಳುವ ಗಾಡಿಯೂ ಒಂದೇ ಸಂಸ್ಥಾನದ ರಸ್ತೆಗಳಲ್ಲಿ ಓಡಿದವು.

ಇದೇ ಪದ್ಧತಿ ದಕ್ಷಿಣದಲ್ಲಿಯೂ ಸ್ವಲ್ಪ ಕಾಲ ಇತ್ತು. ಮುನ್ನಾರಿನ ಕುಂಡಲ ಕಣಿವೆಯಲ್ಲಿ ಚಹಾ ಸಾಗಿಸಲು 1902ರಲ್ಲಿ ಒಂದೇ ಹಳಿಯ ದಾರಿ ಹಾಕಿ ಎತ್ತು ಹೂಡಿದ್ದರು. 1908ರಲ್ಲಿ ಅದನ್ನು ಎರಡು ಹಳಿಯದಾಗಿ ಮಾಡಿದರು, 1924ರ ಮಹಾಪ್ರವಾಹ ಅದನ್ನೂ ಕೊಚ್ಚಿಕೊಂಡು ಹೋಯಿತು.

ಪಟಿಯಾಲಾದ ಗಾಡಿಯನ್ನು ಕೊಚ್ಚಿದ್ದು ನೀರಲ್ಲ, ಮೋಟಾರು. ರಸ್ತೆಗಳು ಸುಧಾರಿಸಿದವು, ಬಸ್ಸು ಲಾರಿ ಬಂದವು. 1927ರಲ್ಲಿ ಗಾಡಿ ನಿಂತಿತು. ಯಂತ್ರಗಳು ಲೋಕೋಪಯೋಗಿ ಇಲಾಖೆಯ ಅಂಗಳದ ಮೂಲೆ ಸೇರಿ ತುಕ್ಕು ಹಿಡಿದವು.

ಇಲ್ಲಿ ಇನ್ನೊಂದು ವಾಹನದ ಮಾತು ಹೇಳಲೇಬೇಕು. 1910ರ ಸುಮಾರಿಗೆ ಕಲಕತ್ತೆಯಲ್ಲಿ ಮ್ಯಾಥ್ಯೂಸನ್ ಎಂಬ ಸಿರಿವಂತ ಸಾಹೇಬ ಇಂಗ್ಲೆಂಡಿನ ಬ್ರೂಕ್ ಕಂಪನಿಯಿಂದ ಹಂಸದ ಆಕಾರದ ಮೋಟಾರು ಮಾಡಿಸಿದ. ಕೊಕ್ಕಿನಿಂದ ಬಿಸಿ ಹಬೆ ಹಾರಿಸಿ ದಾರಿಯ ಜನರನ್ನು ಸರಿಸುವುದು, ರಾತ್ರಿ ಕಣ್ಣು ಕೆಂಡದಂತೆ ಹೊಳೆಯುವುದು. ಹಿಂದಿನಿಂದ ಸುಣ್ಣದ ನೀರು ಬಿಟ್ಟು ಹಕ್ಕಿ ಹಿಕ್ಕೆ ಹಾಕಿದಂತೆ ತೋರಿಸುವ ಏರ್ಪಾಡೂ ಇತ್ತಂತೆ! ಗಲಾಟೆ ಹೆಚ್ಚಿ ಪೊಲೀಸರು ಅದನ್ನು ಬೀದಿಗೆ ತರಬಾರದೆಂದರು. ಆಮೇಲೆ ಅದು ನಾಭಾ ಅರಮನೆ ಸೇರಿತು. ನಾಭಾ ಎಂದರೆ ಪಟಿಯಾಲಾಕ್ಕೆ ನೆರೆಯ ಸಂಸ್ಥಾನ. ಆ ಹಂಸವನ್ನು ಈಗ ಹಾಲೆಂಡಿನ ವಸ್ತುಸಂಗ್ರಹಾಲಯದಲ್ಲಿ ಫಳಫಳ ಒರೆಸಿ ಇಟ್ಟಿದ್ದಾರೆ. ದಾರಿಹೋಕರ ಮೈಮೇಲೆ ಹಬೆ ಹಾರಿಸಿದ ಬಂಡಿಗೆ ರಾಜಮರ್ಯಾದೆ, 20 ವರ್ಷ ಕಾಳು ಹೊತ್ತ ಬಂಡಿಗೆ ಅಂಗಳದ ಮೂಲೆ. ನಮಗೆ ಇದು ಸರಿಕಾಣುವುದಿಲ್ಲ. ಚೆಂದದ ವಸ್ತುವನ್ನು ಕಾಪಾಡಲು ಕೊಳ್ಳುವವರು ಸಿಕ್ಕುತ್ತಾರೆ. ದುಡಿದ ವಸ್ತುವನ್ನು ಕೊಳ್ಳುವವನು ಗುಜರಿಯವನು. ಗಿರಣಿಯಲ್ಲಿ ಹಳೆಯ ಮಗ್ಗಗಳನ್ನು ತೂಕಕ್ಕೆ ಹಾಕಿದ ದಿನ ತೂಕದ ಚೀಟಿ ಬರೆದವರು ನಾವೇ. ಚೀಟಿಯಲ್ಲಿ ಕಬ್ಬಿಣ ಇಷ್ಟು ಟನ್ ಎಂದು ಬರೆಯಲು ಜಾಗವಿತ್ತು, ಎಷ್ಟು ವರ್ಷ ನೇಯ್ದಿತು ಎಂದು ಬರೆಯಲು ಇರಲಿಲ್ಲ.

ಅದೃಷ್ಟಕ್ಕೆ ಪಟಿಯಾಲಾದ ಯಂತ್ರಗಳೆಲ್ಲ ತಕ್ಕಡಿ ಏರಲಿಲ್ಲ. 1962ರಲ್ಲಿ ಮೈಕ್ ಸಾಟೋ ಎಂಬ ರೈಲು ಹುಚ್ಚಿನ ಇಂಗ್ಲಿಷಿನವರು ಹುಡುಕಿಕೊಂಡು ಹೋಗಿ ಆ ಅಂಗಳದಲ್ಲಿ ಅವನ್ನು ಪತ್ತೆ ಮಾಡಿದರು. ಇಂಥ ಹುಚ್ಚು ಇನ್ನೂ ನಾಲ್ಕು ಜನಕ್ಕೆ ಹಿಡಿಯಬಾರದೇ ಎನ್ನಿಸುತ್ತದೆ. ಅಮೃತಸರದ ರೈಲ್ವೆ ಕಾರ್ಖಾನೆಯ ಕೆಲಸಗಾರರು ಯಂತ್ರವೊಂದನ್ನು ಬಿಚ್ಚಿ, ತಿಕ್ಕಿ, ಮತ್ತೆ ಉಗಿ ಕಟ್ಟಿ ಓಡುವಂತೆ ಮಾಡಿದರು. ಹಳೆಯ ಅಡಿಗಟ್ಟಿನ ಮೇಲೆ ಜನ ಕೂರುವ ಡಬ್ಬಿಯನ್ನೂ ಕಟ್ಟಿದರು. ಮಾಡಿದವರು ನಮ್ಮ ನಿಮ್ಮಂತೆ ಪಾಳಿಯಲ್ಲಿ ದುಡಿಯುವವರು ಎಂಬುದನ್ನು ಮರೆಯಬಾರದು.

1977ರಲ್ಲಿ ದೆಹಲಿಯ ಚಾಣಕ್ಯಪುರಿಯಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಆ ಗಾಡಿ ಇದೆ. ಸೋಮವಾರ ಬಾಗಿಲು ಹಾಕಿರುತ್ತದೆ, ಹೋಗುವವರು ಬೇರೆ ದಿನ ನೋಡಿಕೊಳ್ಳಬೇಕು. ಹೋದಾಗ ಬರಿಯ ಹೊಗೆಕೊಳವೆ ನೋಡಿ ತಿರುಗಬೇಡಿ. ಕುಳಿತು, ಬಗ್ಗಿ, ಕೆಳಗಿನ ಗಾಲಿಗಳನ್ನು ನೋಡಿರಿ, ಒಂದರ ಹಿಂದೆ ಒಂದು ಮೂರು ಇವೆ. ಬಳಿಕ ಚಕ್ರ ಚಾಚಿರುವ ಪಕ್ಕಕ್ಕೆ ಬನ್ನಿರಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಿರಿ, ಹೆಗಲ ಮೇಲೆ ಕೈ ಇಡುವ ಆಟ ಅವರಿಗೆ ಆಗಲೇ ಬರುತ್ತದೆ.