ಬೆನ್ನುಮೂಳೆಯ ಬೆಸುಗೆ



ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಗಾರೆ ಕೆಲಸದ ನಮ್ಮಪ್ಪನಿಗೆ ಬೆನ್ನುಮೂಳೆ ಬೆಸೆಯುವ ಆಪರೇಷನ್ ಆದಾಗ ಓದಿ ತಿಳಿದದ್ದನ್ನು ಹೇಳುತ್ತೇನೆ.

1911ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಹಿಬ್ಸ್ ಮತ್ತು ಆಲ್ಬಿ ಬೇರೆ ಬೇರೆಯಾಗಿ ಈ ಚಿಕಿತ್ಸೆಯನ್ನು ಪ್ರಕಟಿಸಿದರು. ಈಗ ಸವೆದ ಡಿಸ್ಕ್ ತೆಗೆದು ಆ ಜಾಗಕ್ಕೆ ಮೂಳೆಚೂರು ತುಂಬುತ್ತಾರೆ. ಸ್ಕ್ರೂ, ಸರಳುಗಳು ಸೆಂಟ್ರಿಂಗ್ ಇದ್ದಂತೆ. ಮೂಳೆ ಕೂಡಿಕೊಂಡರೇ ಮೋಲ್ಡ್ ಗಟ್ಟಿ.

ತೊಡಕಿರುವುದು ತುಂಬುವುದರಲ್ಲಿ. ಸಣ್ಣ ಗಾಯದೊಳಗೆ, ನರಗಳ ಪಕ್ಕದಲ್ಲೇ ಲಾಳಿಕೆಯಿಟ್ಟು ಚೂರುಗಳನ್ನು ಕಡ್ಡಿಯಿಂದ ನೂಕಬೇಕು. ಜೋರಾಗಿ ಒತ್ತಿದರೆ ನೀರಂಶ ಮುಂದೆ ಹೋಗಿ, ಚೂರು ಕೊಳವೆಯಲ್ಲೇ ಕಚ್ಚಿಕೊಳ್ಳುತ್ತದೆ, ಚಕ್ಕುಲಿ ಒರಳಿನಲ್ಲಿ ಗಟ್ಟಿ ಹಿಟ್ಟು ಸಿಕ್ಕಿಕೊಂಡಂತೆ. ಖಾಲಿ ಜಾಗ ಉಳಿದರೆ ಬೆಸುಗೆ ಕೂಡದೇ ಹೋಗಬಹುದು. ಅದಕ್ಕೇ ಅಗಲ ಬಾಯಿಯ ಚಪ್ಪಟೆ ಕೊಳವೆ, ಪಕ್ಕಕ್ಕೂ ಚೂರು ಬಿಡುವ ತುದಿ, ಅಳತೆಯಲ್ಲಿ ನೂಕುವ ಗನ್ ಬಂದಿವೆ.

ತುಂಬಿದ ಮೇಲೆ ರೋಗಿಯ ಪಾಲೂ ಇದೆ. ಬೀಡಿ ಸೇದಿದರೆ ಮೂಳೆ ಕೂಡುವುದು ತಡವಾಗುತ್ತದೆ. “ಕ್ಯೂರಿಂಗ್ ಸರಿಯಾಗದಿದ್ದರೆ ಮೋಲ್ಡ್ ನಿಲ್ಲುತ್ತೇನಪ್ಪ?” ಎಂದೆ. ಮೇಸ್ತ್ರಿಗೆ ಅರ್ಥವಾಯಿತು, ಬೀಡಿ ಬಿಟ್ಟರು.

ಮಕ್ಕಳೇ, ಲಾಳಿಕೆ ತಿದ್ದುವುದೂ ವಿಜ್ಞಾನವೇ. ಸೆಂಟ್ರಿಂಗ್, ಒರಳು ನೋಡಿ ಬೆಳೆದ ನಿಮಗೆ ಇಂಥ ಸಮಸ್ಯೆ ಹೊಸದಲ್ಲ. ಓದಿ, ಬಿಡಿಸಲು ಬನ್ನಿ.