ಮಕ್ಕಳ ಶಿಸ್ತು ಯಾರಿಗಾಗಿ?

(ಕಾರ್ಮಿಕರ ಮಕ್ಕಳ ಶಿಕ್ಷಣದ ಬಗ್ಗೆ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳಲ್ಲಿ ಶಿಸ್ತಿಲ್ಲವೆಂಬ ದೂರನ್ನು ನಾವು ದಿನವೂ ಕೇಳುತ್ತೇವೆ. ಪಾಳಿ ಮುಗಿಸಿ ಬಂದ ತಂದೆಯೂ ಹೇಳುತ್ತಾನೆ, ಅಂಗಡಿಯ ಕದ ಹಾಕಿ ಬಂದ ವ್ಯಾಪಾರಿಯೂ ಹೇಳುತ್ತಾನೆ. ಆದರೆ ಶಿಸ್ತು ಎಂದರೇನು, ಅದು ಯಾರಿಗಾಗಿ ಎಂದು ಕೇಳುವವರು ಕಡಿಮೆ. ಬೆತ್ತ ಕಂಡಾಗ ಕೈಕಟ್ಟಿ ನಿಲ್ಲುವುದೇ ಶಿಸ್ತಾದರೆ, ಬೆತ್ತ ಮರೆಯಾದೊಡನೆ ಅದೂ ಮರೆಯಾಗುವುದು. ಅಂಥ ಶಿಸ್ತನ್ನು ಕಲಿತ ಹುಡುಗ ದೊಡ್ಡವನಾದ ಮೇಲೆ ಮಾಲೀಕನ ಮುಂದೆಯೂ ಹಾಗೆಯೇ ಕೈಕಟ್ಟಿ ನಿಲ್ಲುವನು. ನಮಗೆ ಬೇಕಾದದ್ದು ಅದಲ್ಲ.

ಈ ದಿನ ಪಾರ್ಕೂರ್ ಎಂಬ ವ್ಯಾಯಾಮದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಓಡುವುದು, ಹಾರುವುದು, ಗೋಡೆ ಹತ್ತುವುದು, ಕಂಬಿಯ ಮೇಲೆ ತೂಕ ತಪ್ಪದೆ ನಡೆಯುವುದು, ಒಟ್ಟಿನಲ್ಲಿ ಅಡ್ಡಿ ಬಂದಲ್ಲಿ ಅದನ್ನು ದಾಟಿ ಮುಂದೆ ಹೋಗುವ ವಿದ್ಯೆ ಇದು. ಸಿನಿಮಾದಲ್ಲಿ ಮಾಳಿಗೆಯಿಂದ ಮಾಳಿಗೆಗೆ ಹಾರುವವರನ್ನು ಕಂಡು ಇದು ಪುಂಡರ ಆಟವೆಂದು ತಿಳಿದವರು ಅನೇಕರು. ಇದರ ಚರಿತ್ರೆ ಬೇರೆಯೇ ಇದೆ.

ಇದರ ಮೂಲ ಫ್ರಾನ್ಸಿನ ನೌಕಾದಳದ ಅಧಿಕಾರಿ ಜಾರ್ಜ್ ಎಬೆರ್ (1875–1957) ರೂಪಿಸಿದ ಸಹಜ ವ್ಯಾಯಾಮ ಪದ್ಧತಿಯಲ್ಲಿದೆ. ನಡೆ, ಓಟ, ಜಿಗಿತ, ನಾಲ್ಕು ಕಾಲಿನ ನಡೆ, ಹತ್ತುವಿಕೆ, ಸಮತೋಲ, ಎಸೆತ, ಭಾರ ಎತ್ತುವುದು, ಆತ್ಮರಕ್ಷಣೆ, ಈಜು ಎಂದು ಆತ ಮನುಷ್ಯನ ಚಲನೆಯನ್ನು ಹತ್ತು ಬಗೆಯಾಗಿ ವಿಂಗಡಿಸಿದ. ಬಲ ಗಳಿಸುವುದು ಮೆರೆಯುವುದಕ್ಕಲ್ಲ, ಪರರಿಗೆ ಉಪಯೋಗವಾಗುವುದಕ್ಕೆ ಎಂಬುದು ಆತನ ತತ್ತ್ವ. ದೇಹಶಿಕ್ಷಣವನ್ನು ಪಂದ್ಯದ ಪ್ರದರ್ಶನವು ಕೆಡಿಸುತ್ತದೆಂದು 1925ರಲ್ಲಿ ಒಂದು ಪುಸ್ತಕವನ್ನೇ ಬರೆದ.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತಿದೆ. 1940ರಲ್ಲಿ ಫ್ರಾನ್ಸ್ ಹಿಟ್ಲರನಿಗೆ ಸೋತ ಮೇಲೆ ಬಂದ ವಿಷಿ ಸರಕಾರವು ಇದೇ ಪದ್ಧತಿಯನ್ನು ತನ್ನ ಯುವಜನ ಶಿಕ್ಷಣಕ್ಕೆ ಬಳಸಿಕೊಂಡಿತು. ಜಿಗಿತ ಅದೇ, ಓಟ ಅದೇ. ಗುರಿ ಮಾತ್ರ ವಿಧೇಯತೆ. ಆದುದರಿಂದ ವ್ಯಾಯಾಮ ತಾನಾಗಿಯೇ ಶೀಲವನ್ನು ಕೊಡುವುದಿಲ್ಲ. ಯಾರ ಕೈಯಲ್ಲಿ, ಯಾವ ಉದ್ದೇಶಕ್ಕೆ ಎಂಬುದೇ ಮುಖ್ಯ.

ಈ ವಿದ್ಯೆ ಮತ್ತೆ ಚಿಗುರಿದ್ದು ಪ್ಯಾರಿಸಿನ ದಕ್ಷಿಣಕ್ಕಿರುವ ಎವ್ರಿ, ಲಿಸ್ ಎಂಬ ಹೊರವಲಯದ ಊರುಗಳಲ್ಲಿ. ರೇಮಂಡ್ ಬೆಲ್ ಎಂಬಾತ ವಿಯೆಟ್ನಾಮಿನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ದಲತ್ ಊರಿನ ಸೈನಿಕ ಶಾಲೆಯಲ್ಲಿ ಬೆಳೆದು, ಮುಂದೆ ಪ್ಯಾರಿಸಿನ ಅಗ್ನಿಶಾಮಕ ದಳ ಸೇರಿದವನು. ಉರಿಯುವ ಮನೆಯಿಂದ ಜನರನ್ನು ಹೊರತರುವವನಿಗೆ ಗೋಡೆ ಹತ್ತುವುದು ಆಟವಲ್ಲ, ಕಸಬು. 1973ರಲ್ಲಿ ಹುಟ್ಟಿದ ಆತನ ಮಗ ಡೇವಿಡ್ ಬೆಲ್ ಮತ್ತು ಗೆಳೆಯರು ಕಾಂಕ್ರೀಟಿನ ವಠಾರಗಳನ್ನೇ ವ್ಯಾಯಾಮಶಾಲೆ ಮಾಡಿಕೊಂಡರು. ಆಫ್ರಿಕ, ವಿಯೆಟ್ನಾಂ ಮೊದಲಾದ ಕಡೆಗಳಿಂದ ಬಂದ ಕುಟುಂಬಗಳ ಹುಡುಗರು ಅವರಲ್ಲಿದ್ದರು. ಒಂಬತ್ತು ಮಂದಿಯ ಆ ಗುಂಪು 1997ರಲ್ಲಿ ಯಮಕಾಸಿ ಎಂಬ ಹೆಸರು ತಳೆಯಿತು. ಕಾಂಗೋ ನಾಡಿನ ಲಿಂಗಾಲ ಭಾಷೆಯ ಆ ಮಾತು ಗಟ್ಟಿ ದೇಹ, ಗಟ್ಟಿ ಮನಸ್ಸನ್ನು ಸೂಚಿಸುತ್ತದೆ. ಒಟ್ಟಿಗೆ ಆರಂಭಿಸಬೇಕು, ಒಟ್ಟಿಗೆ ಮುಗಿಸಬೇಕು ಎಂಬುದು ಅವರ ಕಟ್ಟುಪಾಡು. ಹಿಂದೆ ಬಿದ್ದವನನ್ನು ಬಿಟ್ಟು ಮುಂದೆ ಓಡಿದವನು ಗೆದ್ದಂತಲ್ಲ. ಸಂಘ ಕಟ್ಟಿದ ಕಾರ್ಮಿಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇನ್ನು ಕಲಿಸುವ ಕ್ರಮ. ಮಗುವಿಗೆ ಮೊದಲು ಕಲಿಸುವುದು ಹಾರುವುದನ್ನಲ್ಲ, ಇಳಿಯುವುದನ್ನು. ಮುಂಗಾಲ ಮೇಲೆ, ಮಂಡಿ ಬಾಗಿಸಿ, ಸದ್ದಾಗದಂತೆ ಇಳಿಯಬೇಕು. ಸದ್ದು ಜೋರಾದರೆ ಪೆಟ್ಟೆಲ್ಲ ಕೀಲುಗಳಿಗೆ ಬಿತ್ತೆಂದು ಅರ್ಥ. ಬಿದ್ದರೆ ತಲೆಗೆ ಏಟಾಗದಂತೆ ಹೆಗಲ ಓರೆಯಿಂದ ಉರುಳುವುದು ಎರಡನೆಯ ಪಾಠ. ಪಾದದ ಎತ್ತರದ ಕಂಬಿಯ ಮೇಲೆ ಸಮತೋಲ ಸಾಧಿಸಿದ ಮೇಲೆಯೇ ಮೊಣಕಾಲೆತ್ತರದ ಗೋಡೆ. ಹಾರುವ ಮೊದಲು ನೆಲದಲ್ಲಿ ಗಾಜು, ಜಲ್ಲಿ, ತೇವ ಇದೆಯೇ ಎಂದು ಮಗುವೇ ನೋಡಬೇಕು. ಬೆಳೆಯುವ ಎಲುಬಿಗೆ ಎತ್ತರದಿಂದ ಪದೇ ಪದೇ ಧುಮುಕುವುದು ಹಿತವಲ್ಲ. ಆದ್ದರಿಂದ ಎತ್ತರಕ್ಕಿಂತ ನಿಖರತೆಗೆ ಬೆಲೆ.

ಶೀಲ ಬೆಳೆಯುವುದು ಇಲ್ಲಿಯೇ. ಗೋಡೆಗೆ ವಶೀಲಿ ನಡೆಯದು, ಸುಳ್ಳೂ ನಡೆಯದು. ಅಭ್ಯಾಸ ಮಾಡಿದಷ್ಟೇ ಫಲ. ಇಂದು ನನ್ನಿಂದಾಗದು ಎಂದು ಹಿಂದೆ ಸರಿಯುವ ಮಗುವನ್ನು ಯಾರೂ ಹಂಗಿಸಬಾರದು. ತನ್ನ ಅಳತೆ ತಾನು ಬಲ್ಲವನೇ ಧೈರ್ಯವಂತ. ಗೆಳೆಯನ ಪಕ್ಕದಲ್ಲಿ ನಿಂತು ಕೈಕೊಡುವುದೂ ಪಾಠದ ಒಂದು ಭಾಗವೇ.

ಈಗ ಇದಕ್ಕೂ ಪೇಟೆಯ ಗಾಳಿ ಬೀಸಿದೆ. 2017ರ ಜನವರಿಯಲ್ಲಿ ಬ್ರಿಟನ್ ಇದನ್ನು ಕ್ರೀಡೆಯೆಂದು ಮಾನ್ಯ ಮಾಡಿತು. ಅದೇ ವರ್ಷ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಇದನ್ನು ತನ್ನ ತೆಕ್ಕೆಗೆ ಸೇರಿಸಿಕೊಳ್ಳಲು ಹೊರಟಾಗ ಹಲವು ದೇಶಗಳ ಪಾರ್ಕೂರ್ ಸಂಘಗಳು ಪ್ರತಿಭಟಿಸಿದವು. ಆದರೂ 2022ರಲ್ಲಿ ಟೋಕಿಯೊದಲ್ಲಿ ಒಕ್ಕೂಟದ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಬೀದಿಯ ಮಕ್ಕಳು ಕಟ್ಟಿದ್ದನ್ನು ಅವರ ಒಪ್ಪಿಗೆ ಕೇಳದೆ ದೊಡ್ಡವರು ಎತ್ತಿಕೊಳ್ಳುವುದು ಹೊಸ ಸಂಗತಿಯೇನಲ್ಲ.

ಸೇವೆಗಾಗಿ ಶಿಸ್ತು ಎಂಬ ಮಾತು ನಮಗೂ ಹೊಸದಲ್ಲ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ್ದು ಆ ನಂಬಿಕೆಯಿಂದಲೇ. ಕೇರಿಕೇರಿಯ ಗರಡಿಮನೆಗಳೂ ದುಡಿಯುವವರ ಮಕ್ಕಳದೇ ಆಗಿದ್ದವು.

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ಕಾರ್ಮಿಕರ ಬಡಾವಣೆಯಲ್ಲಿ ನಿವೇಶನವಾಗಿ ಹರಾಜಾಗದ ಒಂದು ಬಯಲು, ಅದರಲ್ಲಿ ಗಿಡ್ಡ ಗೋಡೆಗಳು, ಕೆಲವು ಕಂಬಿಗಳು, ಮರಳಿನ ಗುಂಡಿ, ತರಬೇತಿ ಪಡೆದ ಒಬ್ಬ ಶಿಕ್ಷಕ. ಶುಲ್ಕವಿರಬಾರದು, ಹುಡುಗಿಯರಿಗೂ ಅದೇ ಗೋಡೆ, ಅದೇ ಪಾಠ. ಮೇಲ್ವಿಚಾರಣೆಗೆ ತಾಯಿತಂದೆಯರ ಸಮಿತಿ ಇರಲಿ. ನಗರಸಭೆ ಕೊಡಲಿ ಎಂದು ಕಾದು ಕೂರದೆ, ಕೇಳಿ ಪಡೆಯುವ ಕೆಲಸ ನಮ್ಮದು. ಗೋಡೆ ದಾಟುವುದನ್ನು ಮಕ್ಕಳು ಕಲಿಯಬೇಕಾದರೆ, ಮೊದಲ ಗೋಡೆಯನ್ನು ಹಿರಿಯರು ದಾಟಬೇಕು.