ಸುಮ್ಮನೆ ಕೂರುವ ನಾಯಿ ಜಾಣ ನಾಯಿಯೇ? ಒಂದು ರಟ್ಟಿನ ಡಬ್ಬಿಯ ಆಟ

ಪುಣೆಯಲ್ಲಿ ಭಾನುವಾರ ಬೆಳಿಗ್ಗೆ, ಅದೂ ನಾಯಿ ಬಗ್ಗೆ ಕನ್ನಡದಲ್ಲಿ ಕೇಳೋಕೆ ಇಷ್ಟು ಜನ ಬರ್ತೀರಿ ಅಂದ್ಕೊಂಡಿರಲಿಲ್ಲ. ಮೊದಲೇ ಹೇಳಿಬಿಡ್ತೀನಿ, ನಾಯಿ ತರಬೇತಿ ನನ್ನ ವೃತ್ತಿ ಅಲ್ಲ. ವಾರಕ್ಕೆ ಐದು ದಿನ ಸಾಫ್ಟ್‌ವೇರ್ ಟೆಸ್ಟಿಂಗ್, ಉಳಿದ ಹೊತ್ತು ಕರಿಯನ ಜೊತೆ.

ಕರಿಯ ನಮ್ಮ ಮನೆಗೆ ಬಂದಾಗ ಅವನಿಗೆ ಮೂರು ವರ್ಷ. ಅಪ್ಪಟ ಬೀದಿ ತಳಿ. ಮೊದಲು ಸಾಕಿದ್ದವರು ಆನ್‌ಸೈಟ್ ಹೊರಟಾಗ ನಮಗೆ ಕೊಟ್ಟರು. "ಫುಲ್ ಟ್ರೇನಿಂಗ್ ಆಗಿದೆ ಸಾರ್, ಒಂದು ಸದ್ದು ಮಾಡಲ್ಲ" ಅಂದಿದ್ದರು. ಅದು ನಿಜವೇ. ಕೂತ್ಕೋ ಅಂದ್ರೆ ಕೂರ್ತಿದ್ದ, ಮತ್ತೆ ಹೇಳೋವರೆಗೂ ಏಳ್ತಿರಲಿಲ್ಲ. ನೀರಿನ ಬಟ್ಟಲು ನಾಲ್ಕಡಿ ದೂರದಲ್ಲಿದ್ದರೂ ಕುಡಿಯೋಕೆ ನಮ್ಮ ಮುಖ ನೋಡ್ತಿದ್ದ. ಕತ್ತು ಬಿಗಿಯುವ ಸರಪಳಿ ಹಾಕಿ ಕಲಿಸಿದ್ದರಂತೆ. ಬಂದ ನೆಂಟರೆಲ್ಲ "ಎಷ್ಟು ಸಾಧು" ಅಂತ ಹೊಗಳೋರು. ನನ್ನ ಹೆಂಡತಿ ಮಾತ್ರ ಎರಡನೇ ದಿನವೇ "ಸಾಧು ಅಲ್ಲ ಕಣ್ರೀ, ಇವನು ಹೆದರಿ ಮರಗಟ್ಟಿದ್ದಾನೆ" ಅಂದಳು. ಬಗ್ ರಿಪೋರ್ಟ್ ಬಂದಿಲ್ಲ ಅಂದ್ರೆ ಬಗ್ ಇಲ್ಲ ಅಂತ ಅರ್ಥ ಅಲ್ವಲ್ಲ, ಹಾಗೇ ಇದು.

ಇದಕ್ಕೊಂದು ಹಳೇ ಪ್ರಯೋಗದ ನಂಟಿದೆ, ಕೇಳೋಕೆ ಸಂಕಟ ಆಗುತ್ತೆ. ಅಮೆರಿಕದಲ್ಲಿ 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬಿಬ್ಬರು ನಾಯಿಗಳಿಗೆ ಏನು ಮಾಡಿದರೂ ನಿಲ್ಲದ ವಿದ್ಯುತ್ ಶಾಕ್ ಕೊಟ್ಟರು. ಆಮೇಲೆ ಒಂದು ಗಿಡ್ಡ ತಡೆ ಹಾರಿದರೆ ಸಾಕು, ಶಾಕ್ ತಪ್ಪುತ್ತೆ ಅನ್ನೋ ಜಾಗದಲ್ಲಿ ಬಿಟ್ಟರು. ಹೆಚ್ಚಿನವು ಹಾರಲೇ ಇಲ್ಲ, ಅಲ್ಲೇ ಸಹಿಸಿಕೊಂಡು ಕೂತವು. ಇದನ್ನು 'ಕಲಿತ ಅಸಹಾಯಕತೆ' ಅಂತ ಕರೆದರು. ಇಷ್ಟು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಆದರೆ ಅದೇ ಇಬ್ಬರು 2016ರಲ್ಲಿ, ಮಧ್ಯದ ವರ್ಷಗಳ ಮೆದುಳಿನ ಸಂಶೋಧನೆಯನ್ನೆಲ್ಲ ಇಟ್ಟುಕೊಂಡು, ತಮ್ಮ ವಿವರಣೆಯನ್ನೇ ತಿರುವಿ ಹಾಕಿದರು. ದೀರ್ಘ ಕಾಲದ ನೋವಿಗೆ ಕೈಚೆಲ್ಲಿ ಕೂರುವುದು ಸಹಜ ಪ್ರತಿಕ್ರಿಯೆ, ಅದನ್ನು ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು 'ನಾನು ಏನಾದರೂ ಮಾಡಿದರೆ ಏನಾದರೂ ಬದಲಾಗುತ್ತೆ' ಅನ್ನೋದು. ನನಗೆ ಇದು ದೊಡ್ಡ ಸಮಾಧಾನ ಕೊಟ್ಟ ಓದು. ಕಲಿಯಬಹುದಾದದ್ದು ಅಂದ್ಮೇಲೆ ಕಲಿಸಲೂಬಹುದು.

ಹೇಗೆ? ಉತ್ತರ ಹವಾಯಿಯ ಒಂದು ಡಾಲ್ಫಿನ್ ಕೊಳದಲ್ಲಿದೆ. 1960ರ ದಶಕದಲ್ಲಿ ಸೀ ಲೈಫ್ ಪಾರ್ಕ್‌ನಲ್ಲಿ ಕ್ಯಾರೆನ್ ಪ್ರಯರ್ ಎಂಬಾಕೆ ಮಲಿಯಾ ಅನ್ನೋ ಡಾಲ್ಫಿನ್‌ಗೆ ಒಂದು ವಿಚಿತ್ರ ಷರತ್ತು ಹಾಕಿದರು. ಹಿಂದೆ ಮೀನು ಗಿಟ್ಟಿಸಿದ ಯಾವ ಆಟಕ್ಕೂ ಮತ್ತೆ ಮೀನಿಲ್ಲ, ಹೊಸದು ಮಾಡಿದರೆ ಮಾತ್ರ ಸಿಳ್ಳೆ, ಮೀನು. ಅದು ಮೊದಮೊದಲು ಹಳೇ ಆಟಗಳನ್ನೇ ಮತ್ತೆ ಮತ್ತೆ ಮಾಡಿ ನೋಡಿತು. ಆಮೇಲೆ ಸೂತ್ರ ಹೊಳೆದಿರಬೇಕು, ಯಾರೂ ಕಲಿಸದ ತಿರುವು, ನೆಗೆತ ಶುರುವಾದವು. ಹೌ ಎಂಬ ಇನ್ನೊಂದು ಡಾಲ್ಫಿನ್‌ನಲ್ಲೂ ಇದೇ ಆಯ್ತು. 1969ರಲ್ಲಿ ಸಂಶೋಧನಾ ಲೇಖನವಾಗಿಯೂ ಪ್ರಕಟವಾಯಿತು. ಆಮೇಲೆ ನಾಯಿ ಸಾಕುವವರಿಗೆ ಕ್ಲಿಕ್ಕರ್ ತರಬೇತಿಯನ್ನು ಪರಿಚಯಿಸಿದವರಲ್ಲಿ ಈ ಪ್ರಯರ್ ಮುಖ್ಯರು.

ಇದರ ಮನೆಮಟ್ಟದ ರೂಪವೇ ರಟ್ಟಿನ ಡಬ್ಬಿಯ ಆಟ. ಆನ್‌ಲೈನ್ ಆರ್ಡರ್ ಡಬ್ಬಿಗೆ ನಮ್ಮ ಫ್ಲ್ಯಾಟುಗಳಲ್ಲಿ ಬರ ಇಲ್ಲ. ಪಿನ್ನು, ಟೇಪು ಕಿತ್ತು ನೆಲದ ಮೇಲಿಡಿ. ಕೈಯಲ್ಲಿ ಬೇಯಿಸಿದ ಚಿಕನ್ನೋ ಪನೀರೋ, ಕಡಲೆಕಾಳಿನಷ್ಟು ಚಿಕ್ಕ ಚೂರುಗಳು. ಉಪ್ಪು ಖಾರ ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ, ಅಪ್ಪಿತಪ್ಪಿಯೂ ಬೇಡ. ಮತ್ತೆ ಈ ಚೂರುಗಳಷ್ಟು ಊಟ ಕಡಿಮೆ ಮಾಡಿ, ಇಲ್ಲಾಂದ್ರೆ ಆತ್ಮವಿಶ್ವಾಸದ ಜೊತೆ ಹೊಟ್ಟೆಯೂ ಬೆಳೆಯುತ್ತೆ.

ಈಗ ನೀವು ಏನೂ ಹೇಳಬಾರದು. ಕರೆಯೋದು, ತೋರಿಸೋದು, ಎಳೆಯೋದು ಯಾವುದೂ ಇಲ್ಲ. ನಾಯಿ ಡಬ್ಬಿ ಕಡೆ ನೋಡಿತಾ? ಅದೇ ಕ್ಷಣಕ್ಕೆ ಕ್ಲಿಕ್, ಆಮೇಲೆ ತಿಂಡಿ. ಕ್ಲಿಕ್ಕರ್ ಸದ್ದಿಗೆ ಬೆಚ್ಚಿದರೆ ಮೆಲ್ಲಗೆ 'ಹಾಂ' ಅನ್ನಿ, ಸಾಕು. ಹೆಜ್ಜೆ ಇಟ್ಟಿತು, ಹಾಂ. ಮೂಸಿತು, ಹಾಂ. ಮೊದಲ ದಿನಗಳಲ್ಲಿ ಒಂದೇ ಕೆಲಸ ಹತ್ತು ಸಲ ಮಾಡಿದರೂ ಕೊಡಿ. ಧೈರ್ಯ ಬಂದ ಮೇಲೆ ಪ್ರಯರ್ ಷರತ್ತು, ಹೊಸದಕ್ಕೆ ಮಾತ್ರ. ಒಮ್ಮೆಲೇ ಷರತ್ತು ಬಿಗಿ ಮಾಡಿದರೆ ಕೆಲವು ನಾಯಿ ಬೊಗಳ್ತವೆ, ಕೆಲವು ಎದ್ದು ಹೋಗ್ತವೆ. ಹೋದರೆ ಹೋಗಲಿ, ತಡೀಬೇಡಿ. ಮುಂದಿನ ಸಲ ಸುಲಭದ್ದಕ್ಕೇ ಕೊಡಿ. ಎರಡು ಮೂರು ನಿಮಿಷ ಆದ ಕೂಡಲೇ 'ಆಯ್ತು' ಅಂತ ಹೇಳಿ ಡಬ್ಬಿ ಎತ್ತಿಡಿ. ಈ 'ಆಯ್ತು' ಮುಖ್ಯ ಕಣ್ರೀ, ಇಲ್ಲಾಂದ್ರೆ ನೀವು ಕ್ಲೈಂಟ್ ಕಾಲ್‌ನಲ್ಲಿದ್ದಾಗ ಬಂದು ಹೊಸ ಐಡಿಯಾ ಪ್ರೆಸೆಂಟ್ ಮಾಡುತ್ತೆ.

ಕರಿಯ ಮೊದಲ ನಾಲ್ಕು ದಿನ ಡಬ್ಬಿ ಇಟ್ಟ ಕೂಡಲೇ ಕೂತುಬಿಡ್ತಿದ್ದ. ಅವನಿಗೆ ಗೊತ್ತಿದ್ದ ಸುರಕ್ಷಿತ ಉತ್ತರ ಅದೊಂದೇ. ನಾನು ಬರೀ ಕಣ್ಣು ಹೊರಳಿಸಿದ್ದಕ್ಕೆ ಕೊಟ್ಟೆ. ಐದನೇ ದಿನ ಮೂಗು ತಾಗಿಸಿದ, ತಾಗಿಸಿ ತಕ್ಷಣ ತಲೆ ತಗ್ಗಿಸಿದ, ಏಟು ಬೀಳುತ್ತೇನೋ ಅನ್ನೋ ಥರ. ಬಿದ್ದಿದ್ದು ಪನೀರು. ಎರಡನೇ ವಾರ ಮುಂಗಾಲು ಇಟ್ಟ. ಮೂರನೇ ವಾರ ಒಂದು ಸಂಜೆ ಡಬ್ಬಿಯನ್ನು ತಲೆ ಮೇಲೆ ಹಾಕ್ಕೊಂಡು ಹಾಲ್ ತುಂಬ ಓಡಾಡಿದ, ಟಿಪಾಯಿಗೆ ಡಿಕ್ಕಿ ಹೊಡೆದ, ಡಬ್ಬಿ ಒದ್ದು ತಾನೇ ಬೊಗಳಿದ. ಮನೆಗೆ ಬಂದ ಮೇಲೆ ಅವನ ದನಿ ನಾವು ಕೇಳಿದ್ದೇ ಅವತ್ತು ಮೊದಲು. ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಕೆಳಗಿನ ಮನೆಯವರು ಇಂಟರ್‌ಕಾಮ್‌ನಲ್ಲಿ ಕೇಳಿದಾಗ ಏನು ಹೇಳೋದು ಅಂತ ನಮಗೇ ಗೊತ್ತಾಗಲಿಲ್ಲ.

'ತಿಂಡಿ ಕೊಟ್ಟು ಕಲಿಸಿದರೆ ತಲೆ ಮೇಲೆ ಕೂರುತ್ತೆ' ಅಂತ ಊರಲ್ಲಿ ನಮ್ಮಣ್ಣ ಈಗಲೂ ಹೇಳ್ತಾನೆ. ನಾನು ಒಪ್ಪಲ್ಲ. ಗೇಟಿನ ಹತ್ತಿರ ನಿಲ್ಲು, ಕೆಳಗೆ ಬಿದ್ದದ್ದು ಬಿಡು, ಇವೆಲ್ಲ ಕರಿಯ ಈಗಲೂ ಮಾಡ್ತಾನೆ, ತಿಂಡಿಯಿಂದಲೇ ಮತ್ತೆ ಕಲಿಸಿದ್ದು. ರಸ್ತೆ ದಾಟುವಾಗ ಅವನ ಸೃಜನಶೀಲತೆ ನನಗೆ ಬೇಡ. ಆದರೆ ಈಗ ಬಾಯಾರಿದರೆ ಹೋಗಿ ನೀರು ಕುಡೀತಾನೆ, ಕೇಳೋದಿಲ್ಲ. ಡೆಲಿವರಿ ಹುಡುಗ ಬಂದರೆ ಮಂಚದ ಕೆಳಗೆ ಹೋಗೋ ಬದಲು ನನ್ನ ಕಾಲ ಹಿಂದೆ ನಿಂತು ಇಣುಕ್ತಾನೆ.

ಲಿಫ್ಟ್ ಮಾತ್ರ ಇನ್ನೂ ಆಗಿಲ್ಲ. ಬಾಗಿಲವರೆಗೆ ಬರ್ತಾನೆ, ಒಳಗೆ ಮೂಗು ಚಾಚ್ತಾನೆ, ವಾಪಸ್ ಬಂದು ನನ್ನ ನೋಡ್ತಾನೆ. ಆ ಮೂಗಿಗೂ ಒಂದು ಚೂರು ಕೊಟ್ಟು ನಾಲ್ಕನೇ ಮಹಡಿಗೆ ಮೆಟ್ಟಿಲು ಹತ್ತುತೀವಿ. ಪ್ರಶ್ನೆ ಇದ್ರೆ ಕೇಳಿ, ಇನ್ನೂ ಹತ್ತು ನಿಮಿಷ ಇದೆ.